ಸೀಟಿನೊಳಗಿನ ತಕ್ಕಡಿ

ಮಕ್ಕಳೇ, ಕಾರು ಹತ್ತುವಾಗ ‘ಮುಂದಿನ ಸೀಟು ನಂದು’ ಎಂದು ಜಗಳ ಆಡುತ್ತೀರಲ್ಲ, ಕೆಲವು ಕಾರುಗಳಲ್ಲಿ ಆ ಸೀಟು ಕೂತವರನ್ನು ತೂಗಿ ನೋಡುತ್ತದೆ ಗೊತ್ತೇ? ಅಮೆರಿಕದ ಈಚಿನ ಕಾರುಗಳಲ್ಲಿ ಅದಕ್ಕೆಂದೇ ಸೆನ್ಸರ್ ಇರುತ್ತದೆ.

ತೂಕ ಯಾಕೆ ಬೇಕು? ಕಾರು ಜೋರಾಗಿ ಡಿಕ್ಕಿ ಹೊಡೆದರೆ ಏರ್‌ಬ್ಯಾಗ್ ಒಂದು ಸೆಕೆಂಡನ್ನು 20 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಬೇಗ ಉಬ್ಬುತ್ತದೆ. ಬೆಲ್ಟ್ ಹಾಕಿ ಕೂತ ದೊಡ್ಡವರಿಗೆ ಅದು ದಿಂಬು. ಪುಟ್ಟ ಮಗುವಿಗೆ ಅದೇ ರಭಸ ಪ್ರಾಣಕ್ಕೆ ಕುತ್ತು. ಆದ್ದರಿಂದ ಕೂತಿರುವುದು ಮಗು ಎಂದು ಸೆನ್ಸರ್ ಹೇಳಿದರೆ, ಅಲ್ಲಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳದಂತೆ ಕಾರೇ ತಡೆಯುತ್ತದೆ.

ಆ ತಕ್ಕಡಿಯೇ ಕೆಟ್ಟರೆ? 2024ರ ಫೆಬ್ರವರಿಯಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಸುಮಾರು 7.5 ಲಕ್ಷ ಕಾರುಗಳನ್ನು ರಿಪೇರಿಗೆ ವಾಪಸು ಕರೆಯಿತು. ಸೆನ್ಸರಿನೊಳಗಿನ ಕೆಪಾಸಿಟರ್ ಎಂಬ ಸಣ್ಣ ಭಾಗ ಬಿರುಕು ಬಿಟ್ಟು ಶಾರ್ಟ್ ಸರ್ಕ್ಯೂಟ್ ಆಗಬಹುದಿತ್ತು. ಆಗ ಮಗು ಕೂತಿದ್ದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಅಪಾಯ. ಅದಕ್ಕೆ ಎರಡು ತಿಂಗಳ ಮೊದಲು ಟೊಯೊಟಾ ಕೂಡ ಸುಮಾರು 11 ಲಕ್ಷ ವಾಹನಗಳನ್ನು ಕರೆದಿತ್ತು. ಅಲ್ಲಿಯೂ ಸೆನ್ಸರ್ ಶಾರ್ಟ್ ಆಗುವುದೇ ತೊಂದರೆ. ಬೇಕಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳದೆ ಹೋಗಬಹುದಿತ್ತು.

ವಾಪಸು ಕರೆಯುವುದೆಂದರೆ ಕಾರು ಕಿತ್ತುಕೊಳ್ಳುವುದಲ್ಲ. ಕಂಪನಿ ಕಾರಿನ ಒಡೆಯರಿಗೆ ಕಾಗದ ಬರೆಯುತ್ತದೆ, ಡೀಲರ್ ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡುತ್ತಾನೆ. ಆದರೆ ಕಾಗದ ಓದದೆ ಮೂಲೆಗೆ ಎಸೆದರೆ ಕೆಟ್ಟ ಸೆನ್ಸರ್ ಕಾರಿನಲ್ಲೇ ಉಳಿಯುತ್ತದೆ. ಅಜ್ಜ, ಅಜ್ಜಿಯರೇ, ಮಗನೋ ಮಗಳೋ ಅಲ್ಲಿದ್ದರೆ ಮುಂದಿನ ಸಲ ಫೋನಿನಲ್ಲಿ ಕೇಳಿ: ‘ಕಾರಿನ 17 ಅಕ್ಷರ, ಅಂಕಿಗಳ ಗುರುತು ಸಂಖ್ಯೆ ಹಾಕಿ ನೋಡಿದೆಯಾ?’ ಬಾಕಿ ರಿಪೇರಿ ಇದ್ದರೆ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಗೊತ್ತಾಗುತ್ತದೆ.

ಇನ್ನು ನಮ್ಮ ಮನೆಯ ಮಾತು. ಈಗ ಇಲ್ಲಿನ ಹೊಸ ಕಾರುಗಳಲ್ಲೂ ಚಾಲಕರ ಪಕ್ಕದ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಕೂರುವ ನಮ್ಮ ಪ್ರೀತಿಯ ರೂಢಿ ಈ ಕಾರುಗಳಿಗೆ ಹೊಂದುವುದಿಲ್ಲ. ಏರ್‌ಬ್ಯಾಗಿಗೂ ನಿಮ್ಮ ಎದೆಗೂ ನಡುವೆ ಸಿಕ್ಕುವುದು ಮಗುವೇ. ತೂಗುವ ಸೆನ್ಸರ್ ಇದ್ದರೂ, ಎಷ್ಟೇ ಚೆನ್ನಾಗಿದ್ದರೂ, ಇಬ್ಬರ ತೂಕ ಸೇರಿ ಅದಕ್ಕೆ ದೊಡ್ಡವರೊಬ್ಬರು ಕೂತಂತೆಯೇ ಕಾಣುತ್ತದೆ.

ಆದ್ದರಿಂದ ಮಕ್ಕಳೇ, 13 ತುಂಬುವವರೆಗೆ ಹಿಂದಿನ ಸೀಟೇ ನಿಮ್ಮದು, ಬೆಲ್ಟ್ ಸಮೇತ. ಚಿಕ್ಕವರಾದರೆ ಮಕ್ಕಳ ಸೀಟೂ ಬೇಕು. ಕಿಟಕಿ ಪಕ್ಕ ಯಾರು ಎಂದು ಬೇಕಾದರೆ ಅಲ್ಲೇ ಜಗಳ ಆಡಿ!