ವಠಾರದ ಮೀಟರು

ಕಂಪ್ಯೂಟರ್ ಸ್ಲೋ ಆಗಿದೆ ಎಂದು ರಿಪೇರಿಯವರನ್ನು ಕರೆಸಿದರೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ. ‘ರ‍್ಯಾಮ್ ಜಾಸ್ತಿ ಹಾಕ್ಸಿ ಸಾರ್’, ಇಲ್ಲವೇ ‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್’. ಎರಡೂ ಆಗೀಗ ಫಲ ಕೊಡುವುದರಿಂದ ಕೆಟ್ಟದ್ದೇನು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ತುಸು ಕುತೂಹಲವಿರುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತಾರೆ. ಮೆಮೊರಿ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ನುಂಗಿದವರ ಹೆಸರು ಮೇಲಕ್ಕೆ ಬರುತ್ತದೆ. ಅಲ್ಲಿ ಬ್ರೌಸರ್ ಕಂಡರೆ ಸಮಾಧಾನ, ನಾಲ್ಕು ಟ್ಯಾಬ್ ಮುಚ್ಚಿದರಾಯಿತು. ಎಸ್‌ವಿಸಿಹೋಸ್ಟ್ ಎಂಬ ಹೆಸರು ಕಂಡಾಗಲೇ ಫಜೀತಿ. ಇದನ್ನು ನಾವು ತೆರೆದದ್ದಲ್ಲ, ಇನ್‌ಸ್ಟಾಲ್ ಮಾಡಿದ್ದೂ ಅಲ್ಲ. ಅಂದಮೇಲೆ ವೈರಸ್ಸೇ ಇರಬೇಕು ಎಂಬ ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಎಸ್‌ವಿಸಿಹೋಸ್ಟ್ ಅಂದರೆ ಸರ್ವಿಸ್ ಹೋಸ್ಟ್. ಅದಕ್ಕೆ ತನ್ನದೇ ಕೆಲಸವೆಂಬುದಿಲ್ಲ. ಗಡಿಯಾರ ಸರಿಪಡಿಸುವುದು, ನೆಟ್‌ವರ್ಕ್ ವಿಳಾಸ ಪಡೆಯುವುದು, ಅಪ್‌ಡೇಟ್ ಹುಡುಕುವುದು ಮುಂತಾದ ತೆರೆಮರೆಯ ಕೆಲಸಗಳಿಗೆ ವಿಂಡೋಸ್ ‘ಸರ್ವಿಸ್’ ಎನ್ನುತ್ತದೆ. ಇವುಗಳಲ್ಲಿ ಬಹುಪಾಲು ಡಿಎಲ್‌ಎಲ್ ಫೈಲುಗಳು. ತಾವಾಗಿ ಓಡಲಾರವು, ಓಡಲು ಒಂದು ಪ್ರೋಸೆಸ್ಸಿನ ಆಸರೆ ಬೇಕು. ಒಂದೊಂದಕ್ಕೂ ಒಂದೊಂದು ಪ್ರೋಸೆಸ್ ಕೊಟ್ಟರೆ ಪ್ರತಿಯೊಂದಕ್ಕೂ ಬೇರೆ ಮೆಮೊರಿ ಖರ್ಚು. 64 ಎಂಬಿ ರ‍್ಯಾಮ್ ಇದ್ದರೂ ಸಾಕು ಎನ್ನುತ್ತಿದ್ದ ವಿಂಡೋಸ್ 2000 ಅಂಥ ದುಂದಿಗೆ ಕೈಹಾಕುವಂತಿರಲಿಲ್ಲ. ಹಾಗಾಗಿ ಹತ್ತಾರು ಸರ್ವಿಸ್‌ಗಳನ್ನು ಒಂದೇ ಸೂರಿನಡಿ ತಂದರು. ಬೆಂಗಳೂರು, ಮೈಸೂರುಗಳ ಹಳೆಯ ವಠಾರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮನೆ ಎಂಟು, ಕರೆಂಟ್ ಮೀಟರು ಒಂದು. ಬಿಲ್ಲು ಏರಿದ್ದು ಎಲ್ಲರಿಗೂ ತಿಳಿಯುತ್ತದೆ. ಕದ್ದು ಹೀಟರ್ ಹಾಕಿದವರು ಯಾರೆಂದು ಮೀಟರು ಹೇಳುವುದಿಲ್ಲ. ಟಾಸ್ಕ್ ಮ್ಯಾನೇಜರಿನ ಆ ಸಾಲು ತೋರಿಸುವುದು ಮೀಟರನ್ನು ಮಾತ್ರ.

ಇದರಿಂದ ಆದ ಪಾಡಿಗೆ 2015–16ರ ವಿಂಡೋಸ್ 7 ಒಳ್ಳೆಯ ನಿದರ್ಶನ. ಆಗ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳಲ್ಲಿ ಒಂದು ಎಸ್‌ವಿಸಿಹೋಸ್ಟ್ ಜಿಬಿಗಟ್ಟಲೆ ಮೆಮೊರಿ ಹಿಡಿದು ಗಂಟೆಗಟ್ಟಲೆ ಕೂತಿರುತ್ತಿತ್ತು. 2 ಜಿಬಿ ಇದ್ದ ಯಂತ್ರದಲ್ಲಿ ಇನ್ನೇನು ಉಳಿಯಬೇಕು? ಒಳಗಿದ್ದ ಆಸಾಮಿ ವಿಂಡೋಸ್ ಅಪ್‌ಡೇಟ್. 2011ರ ಸರ್ವಿಸ್ ಪ್ಯಾಕ್‌ನಿಂದೀಚೆಗೆ ನೂರಾರು ಅಪ್‌ಡೇಟ್‌ಗಳು ಬಂದಿದ್ದವು. ಯಾವುದು ಯಾವುದರ ಜಾಗಕ್ಕೆ ಬಂದಿದೆ, ಈ ಯಂತ್ರಕ್ಕೆ ಕೊನೆಗೂ ಬೇಕಾದದ್ದು ಯಾವುದು ಎಂದು ಆ ಸರಪಳಿಯನ್ನೆಲ್ಲ ಮೆಮೊರಿಯಲ್ಲಿ ಹರವಿಕೊಂಡು ತಾಳೆ ನೋಡುವುದು ಅದರ ಕೆಲಸ. ಸರಪಳಿ ಬೆಳೆದಷ್ಟೂ ತಾಳೆ ನೋಡುವ ಶ್ರಮ ಬೆಳೆಯಿತು. ಈಗ ಫಾರ್ಮ್ಯಾಟ್ ಹೊಡೆಯುವವರನ್ನು ನೆನೆಯಿರಿ. ಎಲ್ಲ ಒರೆಸಿ ಹೊಸದಾಗಿ ವಿಂಡೋಸ್ ಹಾಕಿದರೆ ಯಂತ್ರ 2011ಕ್ಕೆ ಹಿಂತಿರುಗುತ್ತದೆ, ತಾಳೆ ನೋಡಬೇಕಾದ್ದು ಇನ್ನಷ್ಟು ಹೆಚ್ಚುತ್ತದೆ. ಚಿಕಿತ್ಸೆಯಿಂದ ಕಾಯಿಲೆ ಉಲ್ಬಣಿಸಿದ್ದು ಹೀಗೆ. 2016ರಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಹುಡುಕುವ ಭಾಗವನ್ನೇ ತಿದ್ದಿತು, ಅದೇ ಅಕ್ಟೋಬರ್‌ನಿಂದ ತಿಂಗಳಿಗೊಂದು ಒಟ್ಟುಗಂಟಿನ ಪದ್ಧತಿಗೆ ಬಂತು. ಅಷ್ಟರಲ್ಲಿ ಎಷ್ಟೋ ಯಂತ್ರಗಳು ಸುಮ್ಮಸುಮ್ಮನೆ ಫಾರ್ಮ್ಯಾಟ್ ಆಗಿಹೋಗಿದ್ದವು.

ಇನ್ನು ‘ಎಂಡ್ ಟಾಸ್ಕ್’ ಒತ್ತುವ ಧೈರ್ಯಸ್ಥರು. ಒತ್ತಿದೊಡನೆ ಮೆಮೊರಿ ಬಿಡುಗಡೆಯಾಗುವುದು ನಿಜ. ಆದರೆ ವಿಂಡೋಸ್ 7ರಲ್ಲಿ ಅಪ್‌ಡೇಟ್ ಇದ್ದ ಸೂರಿನಡಿಯಲ್ಲೇ ಪರದೆಯ ಅಂದಚಂದ ನೋಡಿಕೊಳ್ಳುವ ಥೀಮ್ಸ್ ಸರ್ವಿಸ್ಸೂ ವೇಳಾಪಟ್ಟಿ ನೋಡಿಕೊಳ್ಳುವ ಟಾಸ್ಕ್ ಶೆಡ್ಯೂಲರ್ರೂ ಇದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇಷ್ಟು ನಿಖರವಾದ ಉದಾಹರಣೆ ಸಿಗುವುದು ಕಷ್ಟ. ಮಾಡಬೇಕಾದ್ದು ಸಣ್ಣ ಕೆಲಸ: ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಗೋ ಟು ಸರ್ವಿಸಸ್’ ಆರಿಸಿಕೊಂಡರೆ ಒಳಗಿರುವವರೆಲ್ಲರ ಹೆಸರು ಸಾಲಾಗಿ ಕಾಣುತ್ತದೆ. ವಿಂಡೋಸ್ 10, 11ರಲ್ಲಿ ಇದು ‘ಡೀಟೇಲ್ಸ್’ ಟ್ಯಾಬಿನಲ್ಲಿದೆ. ಅನುಮಾನ ಬಂದ ಸರ್ವಿಸನ್ನು ಮಾತ್ರ ನಿಲ್ಲಿಸಿ ನೋಡಬಹುದು. ಅಥವಾ ಕಮಾಂಡ್ ಪ್ರಾಂಪ್ಟಿನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟು ಅದನ್ನು ಪ್ರತ್ಯೇಕ ಪ್ರೋಸೆಸ್ಸಿಗೆ ಎತ್ತಂಗಡಿ ಮಾಡಿ, ರೀಸ್ಟಾರ್ಟ್ ಆದಮೇಲೆ ಅದರದೇ ಲೆಕ್ಕ ನೋಡಬಹುದು. ನನ್ನ ಮಟ್ಟಿಗೆ ಈ ಎರಡನೆಯದೇ ಸರಿಯಾದ ತನಿಖೆ. ನಿಲ್ಲಿಸುವುದಕ್ಕಿಂತ ಬಿಡಿಸಿ ನೋಡುವುದು ಮೇಲು.

ಅಷ್ಟಕ್ಕೂ ಮೆಮೊರಿ ತುಂಬಿದರೆ ಯಂತ್ರ ನಿಲ್ಲಬೇಕು, ನಿಧಾನವೇಕೆ ಆಗಬೇಕು? ಇದರ ಬೇರು 1962ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೆಲಸ ಶುರುಮಾಡಿದ ಅಟ್ಲಾಸ್ ಕಂಪ್ಯೂಟರಿನಲ್ಲಿದೆ. ಟಾಮ್ ಕಿಲ್ಬರ್ನ್ ತಂಡ ಅದರ ಪುಟ್ಟ ಕೋರ್ ಮೆಮೊರಿಯನ್ನೂ ದೊಡ್ಡ ಮ್ಯಾಗ್ನೆಟಿಕ್ ಡ್ರಮ್ಮನ್ನೂ ಸೇರಿಸಿ, ಪ್ರೋಗ್ರಾಮಿನ ಕಣ್ಣಿಗೆ ಎರಡೂ ಒಂದೇ ಉಗ್ರಾಣವಾಗಿ ಕಾಣುವಂತೆ ಮಾಡಿತು. ಬೇಕಾದ ಪುಟ ಒಳಗೆ, ಬೇಡವಾದದ್ದು ಹೊರಗೆ. ಇವತ್ತಿಗೂ ವಿಂಡೋಸಿನ ಪೇಜ್‌ಫೈಲ್ ಮಾಡುವುದು ಅದನ್ನೇ. ತೊಡಕಿರುವುದು ವೇಗದಲ್ಲಿ. ರ‍್ಯಾಮಿನಿಂದ ಓದಲು ಹಿಡಿಯುವುದು ಸುಮಾರು 100 ನ್ಯಾನೋಸೆಕೆಂಡ್, ತಿರುಗುವ ಹಾರ್ಡ್ ಡಿಸ್ಕಿಗೆ 10 ಮಿಲಿಸೆಕೆಂಡ್. ಅಂದರೆ ಲಕ್ಷ ಪಟ್ಟು. 1968ರಲ್ಲಿ ಪೀಟರ್ ಡೆನ್ನಿಂಗ್ ‘ಥ್ರಾಶಿಂಗ್’ ಎಂಬ ಸ್ಥಿತಿಯನ್ನು ವಿಶ್ಲೇಷಿಸಿದರು: ಪ್ರೋಗ್ರಾಮುಗಳೆಲ್ಲ ಒಂದರ ಪುಟವನ್ನೊಂದು ಹೊರದೂಡುತ್ತ ಬರೀ ಓಡಾಟದಲ್ಲೇ ಹೊತ್ತು ಕಳೆಯುತ್ತವೆ. ಅಂದಿನ ದೊಡ್ಡ ಯಂತ್ರಗಳಲ್ಲಿ ಇದಕ್ಕೊಂದು ವಿಪರ್ಯಾಸದ ತಿರುವೂ ಇತ್ತು. ಎಲ್ಲರೂ ಡಿಸ್ಕಿಗಾಗಿ ಕಾಯುತ್ತಿರುವುದರಿಂದ ಪ್ರೊಸೆಸರ್ ಖಾಲಿ ಕೂತಂತೆ ಕಾಣುತ್ತಿತ್ತು. ಖಾಲಿಯಿದೆಯಲ್ಲ ಎಂದು ವ್ಯವಸ್ಥೆ ಇನ್ನೊಂದು ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಯಂತ್ರ ನಿಧಾನವಾದಾಗ ನಾವು ಅದೇ ಐಕಾನಿನ ಮೇಲೆ ಮತ್ತೆ ಮತ್ತೆ ಡಬಲ್ ಕ್ಲಿಕ್ ಮಾಡುತ್ತೇವಲ್ಲ, ಅದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ.

ಮೆಮೊರಿ ತುಂಬಿ ಕಂಡದ್ದೆಲ್ಲ ರೋಗವೂ ಅಲ್ಲ. ವಿಸ್ತಾ ಕಾಲದಿಂದ ಬಂದ ಸೂಪರ್‌ಫೆಚ್, ಮುಂದೆ ಬೇಕಾಗಬಹುದಾದ್ದನ್ನು ಖಾಲಿ ರ‍್ಯಾಮಿಗೆ ಮೊದಲೇ ತಂದಿಡುತ್ತದೆ, ಕೇಳಿದವರಿಗೆ ತಕ್ಷಣ ಬಿಟ್ಟುಕೊಡುತ್ತದೆ. 2015ರಲ್ಲಿ ವಿಂಡೋಸ್ 10 ಮೆಮೊರಿಯ ಪುಟಗಳನ್ನು ಡಿಸ್ಕಿಗೆ ತಳ್ಳುವ ಬದಲು ಕುಗ್ಗಿಸಿ ರ‍್ಯಾಮಿನಲ್ಲೇ ಇಡತೊಡಗಿತು. ಹಾಗೆ ಕುಗ್ಗಿಸಿದ್ದರ ಲೆಕ್ಕವನ್ನು ‘ಸಿಸ್ಟಮ್’ ಎಂಬ ಪ್ರೋಸೆಸ್ಸಿನ ಖಾತೆಗೆ ಬರೆದದ್ದರಿಂದ, ಉಳಿತಾಯ ಮಾಡುತ್ತಿದ್ದವನೇ ಹೊಟ್ಟೆಬಾಕನಂತೆ ಕಂಡ. ದೂರುಗಳ ಮಳೆ ಸುರಿಯಿತು. ಮುಂದೆ ಆ ಖಾತೆಯನ್ನು ಬೇರೆ ಮಾಡಿದರು.

ಎಸ್‌ವಿಸಿಹೋಸ್ಟ್ ಕತೆಯೂ ಕೊನೆಗೆ ಅಲ್ಲಿಗೇ ಬಂತು. 2017ರ ವಿಂಡೋಸ್ 10 ಆವೃತ್ತಿಯಿಂದ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವ ಯಂತ್ರಗಳಲ್ಲಿ ಹೆಚ್ಚಿನ ಸರ್ವಿಸ್‌ಗಳಿಗೆ ತಲಾ ಒಂದು ಪ್ರೋಸೆಸ್. ಮೆಮೊರಿ ಉಳಿಸಲು ಒಟ್ಟಿಗೆ ಕೂಡಿಹಾಕಿದ್ದನ್ನು, ಮೆಮೊರಿ ಅಗ್ಗವಾದಮೇಲೆ ಲೆಕ್ಕ ಸಿಗಲೆಂದು ಬಿಡಿಸಿದರು. ಒಂದು ಕೆಟ್ಟರೆ ಅದರೊಂದಿಗೆ ಉಳಿದವೂ ಮಗುಚಿಕೊಳ್ಳುವುದು ತಪ್ಪಿತು. ಈಗ ಪಟ್ಟಿಯಲ್ಲಿ ಅದೇ ಹೆಸರು ಹತ್ತಾರು ಸಲ ಕಂಡು ಗಾಬರಿಯಾಗುವವರಿದ್ದಾರೆ. ಅಷ್ಟು ಸಾಲು ಇರುವುದೇ ಸರಿ. ಫೈಲು ವಿಂಡೋಸಿನ ಸಿಸ್ಟಮ್32 ಫೋಲ್ಡರಿನಲ್ಲಿದೆಯೇ ಎಂಬುದಷ್ಟೇ ನೋಡಬೇಕಾದ್ದು. ಎರಡಕ್ಷರ ಹಿಂದುಮುಂದಾದ ಹೆಸರಿನ ಖದೀಮರು ಬೇರೆ ಕಡೆ ಮನೆ ಮಾಡಿರುತ್ತಾರೆ.

ಇಷ್ಟಾದರೂ ಬಗೆಹರಿಯದ ಪ್ರಕರಣಗಳಿವೆ: ಎಲ್ಲ ಸಾಲುಗಳನ್ನು ಕೂಡಿದರೂ ಮೊತ್ತ 3 ಜಿಬಿ ದಾಟದು, ಬಳಕೆಯಾದದ್ದು ಮಾತ್ರ 7 ಜಿಬಿ ಎಂದಿರುತ್ತದೆ. ಆಗ ‘ಪರ್ಫಾರ್ಮೆನ್ಸ್’ ಟ್ಯಾಬಿನ ಮೆಮೊರಿ ಪುಟದ ಕೆಳಗೆ ‘ನಾನ್-ಪೇಜ್ಡ್ ಪೂಲ್’ ಎಂಬ ಅಂಕಿಯನ್ನು ನೋಡಬೇಕು. ಅದು ದಿನೇ ದಿನೇ ಏರುತ್ತಿದ್ದರೆ ಕೈಚಳಕ ಯಾವುದೋ ಡ್ರೈವರಿನದು, ಅನೇಕ ವೇಳೆ ನೆಟ್‌ವರ್ಕ್ ಕಾರ್ಡಿನದು. ಡ್ರೈವರುಗಳಿಗೆ ಪ್ರೋಸೆಸ್ ಪಟ್ಟಿಯಲ್ಲಿ ಸಾಲೇ ಇಲ್ಲ. ಆದರೆ ಪೂಲ್‌ನಿಂದ ಮೆಮೊರಿ ಪಡೆಯುವಾಗ ಪ್ರತಿ ಸಲವೂ ನಾಲ್ಕಕ್ಷರದ ಒಂದು ಗುರುತು ಒತ್ತುವುದು ರೂಢಿ. ಪೂಲ್‌ಮಾನ್ ಎಂಬ ಪುಟ್ಟ ಉಪಕರಣ ಆ ಗುರುತುಗಳನ್ನು ಬಳಕೆಯ ಕ್ರಮದಲ್ಲಿ ಜೋಡಿಸಿಕೊಡುತ್ತದೆ. ಯಾವ ಫೈಲಿನೊಳಗೆ ಆ ನಾಲ್ಕಕ್ಷರ ಇದೆಯೆಂದು ಡ್ರೈವರ್ಸ್ ಫೋಲ್ಡರಿನಲ್ಲಿ ಹುಡುಕಿದರೆ ಹೆಸರು ಸಿಗುತ್ತದೆ. ಆ ಡ್ರೈವರಿನ ಹೊಸ ಆವೃತ್ತಿ ಹಾಕಬೇಕು, ಇಲ್ಲವೇ ಕಿತ್ತುಹಾಕಬೇಕು. ರ‍್ಯಾಮ್ ಹಾಕಿಸಿದರೆ ತುಂಬಲು ಇನ್ನೂ ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ, ಅಷ್ಟೆ.