ಹಬ್ಬದ ಯಜಮಾನಿಕೆ

ಅಕ್ಟೋಬರ್ ಬಂತೆಂದರೆ ನಮ್ಮ ವೃದ್ಧಾಶ್ರಮಗಳ ಗೇಟಿನ ಮುಂದೆ ಕಾರುಗಳ ಸಾಲು. ಒಂದನೇ ತಾರೀಕು ಹಿರಿಯ ನಾಗರಿಕರ ದಿನ, 1990ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಮರುದಿನ ಗಾಂಧಿ ಜಯಂತಿ. ಹೆಚ್ಚಿನ ವರ್ಷ ಅದರ ಹಿಂದೆಮುಂದೆಯೇ ನವರಾತ್ರಿ. ಕಂಪನಿಗಳ ತಂಡ, ಎನ್‌ಎಸ್‌ಎಸ್ ಮಕ್ಕಳು, ಮಹಿಳಾ ಸಮಾಜದವರು, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಅನ್ನದಾನ ಮಾಡಬೇಕೆಂದಿರುವ ದಂಪತಿ, ಎಲ್ಲರೂ ಬರುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ಸ್ಪೀಕರು, ಹೋಳಿಗೆ ಊಟ. ದೀಪಾವಳಿ ಕಳೆದರೆ ಮುಗಿಯಿತು. ಆಮೇಲೆ ಸಂಕ್ರಾಂತಿಯವರೆಗೆ ಹೊರಗಿನವರ ಮುಖ ಕಾಣುವುದು ಅಪರೂಪ.

ಬರುವವರ ಮನಸ್ಸು ಒಳ್ಳೆಯದೇ. ನನ್ನ ಪ್ರಶ್ನೆ ಬೇರೆ. ಆ ಹಬ್ಬದಲ್ಲಿ ಅಲ್ಲಿ ವಾಸವಿರುವವರಿಗೆ ಏನು ಕೆಲಸ? ಬೇರೆ ಯಾರೋ ತೋರಣ ಕಟ್ಟುತ್ತಾರೆ, ಯಾರೋ ಹಾಡುತ್ತಾರೆ, ಯಾರೋ ಬಡಿಸುತ್ತಾರೆ. ಹಿರಿಯರು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ನಲವತ್ತು ಐವತ್ತು ವರ್ಷ ಮನೆಯ ಯುಗಾದಿಯನ್ನು ಹೆಗಲ ಮೇಲೆ ಹೊತ್ತವರು ಅವರು. ಎಷ್ಟು ಸೇರು ಬೇಳೆ ನೆನೆಹಾಕಬೇಕು, ಯಾವ ನೆಂಟರಿಗೆ ಯಾವ ಮಾತು ಹೇಳಿ ಕರೆಯಬೇಕು, ಎಲ್ಲ ಬಲ್ಲವರು. ವಯಸ್ಸಾದ ಮೇಲೆ ಹಬ್ಬ ಅವರ ಪಾಲಿಗೆ ಉಳಿಯಿತು, ಹಬ್ಬದ ಯಜಮಾನಿಕೆ ಮಾತ್ರ ಕೈತಪ್ಪಿತು.

ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಶುಶ್ರೂಷಾಗೃಹದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗ 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯ ಹಿರಿಯರಿಗೆ, ನಿಮ್ಮ ದಿನ ಹೇಗಿರಬೇಕೆಂದು ನೀವೇ ತೀರ್ಮಾನಿಸಿ ಎಂದರು. ಕುಂಡದ ಗಿಡ ಬೇಕಿದ್ದರೆ ಆರಿಸಿಕೊಳ್ಳಿ, ನೀರು ನೀವೇ ಹಾಕಿ. ಸಿನಿಮಾ ಯಾವ ರಾತ್ರಿ ನೋಡಬೇಕೆಂಬುದೂ ನಿಮಗೆ ಬಿಟ್ಟದ್ದು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಸಿನಿಮಾ ಸಿಕ್ಕಿತು. ಆದರೆ ಗಿಡವನ್ನು ನರ್ಸ್ ನೋಡಿಕೊಂಡಳು, ಸಿನಿಮಾದ ದಿನವನ್ನು ಸಿಬ್ಬಂದಿ ಗೊತ್ತುಮಾಡಿದರು. ಕೆಲವೇ ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಲವಲವಿಕೆಯಿಂದ ಓಡಾಡತೊಡಗಿದರು. ಹದಿನೆಂಟು ತಿಂಗಳ ಮೇಲೆ ಹೋಗಿ ನೋಡಿದಾಗಲೂ ಆ ವ್ಯತ್ಯಾಸ ಉಳಿದಿತ್ತು. ಚಿಕ್ಕ ಪ್ರಯೋಗ ಅದು, ಅದರ ಕೆಲವು ಅಂಕಿಗಳ ಬಗ್ಗೆ ಮುಂದೆ ತಕರಾರೂ ಎದ್ದಿತು. ಆದರೂ ಎರಡೂ ಮಹಡಿಗೆ ಕೊಟ್ಟ ವಸ್ತು ಒಂದೇ ಎಂಬುದನ್ನು ನಾವು ಮರೆಯಬಾರದು. ಬೇರೆಯಾಗಿದ್ದದ್ದು ತೀರ್ಮಾನ ಯಾರದ್ದು ಎಂಬುದಷ್ಟೇ.

ಅದೇ ವರ್ಷ ರಿಚರ್ಡ್ ಶುಲ್ಜ್ ಎಂಬ ಸಂಶೋಧಕ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಒಂದು ಹಿರಿಯರ ನಿವಾಸಕ್ಕೆ ಹೋಗಿ ಮಾತನಾಡಿಸಿ ಬರುತ್ತಿದ್ದರು. ಯಾವಾಗ ಬರುತ್ತಾರೆಂದು ಮೊದಲೇ ತಿಳಿದಿದ್ದ ಹಿರಿಯರು, ಎಷ್ಟು ಹೊತ್ತು ಇರಬೇಕೆಂದು ತಾವೇ ಹೇಳಬಹುದಾಗಿದ್ದ ಹಿರಿಯರು ಗೆಲುವಾದರು. ಪ್ರಯೋಗ ಮುಗಿಯಿತು, ವಿದ್ಯಾರ್ಥಿಗಳು ಬರುವುದನ್ನು ನಿಲ್ಲಿಸಿದರು. 1978ರಲ್ಲಿ ಪ್ರಕಟವಾದ ಮುಂದಿನ ವರದಿ ಓದಿದರೆ ಸಂಕಟವಾಗುತ್ತದೆ. ಗೆಲುವಾಗಿದ್ದವರೇ ಆಮೇಲೆ ಕುಗ್ಗಿದ್ದರು. ಅಕ್ಟೋಬರಿನಲ್ಲಿ ಕೈಹಿಡಿದು, ಮತ್ತೆ ಬರ್ತೀವಿ ಅಜ್ಜಿ ಎಂದು ಹೇಳಿ ಬರುವ ನಮ್ಮೆಲ್ಲರಿಗೂ ಈ ವರದಿ ತಿಳಿದಿರಬೇಕು.

ಯಜಮಾನಿಕೆ ಹಿರಿಯರ ಕೈಯಲ್ಲೇ ಇರುವ ಕಡೆ ಹಬ್ಬದ ಚಹರೆಯೇ ಬೇರೆ. ಬೆಂಗಳೂರಿನ ಹೊರವಲಯದಲ್ಲಿ, ಮೈಸೂರಿನಲ್ಲಿ ಈಗ ಎದ್ದಿರುವ ನಿವೃತ್ತರ ವಸತಿ ಸಮುಚ್ಚಯಗಳಲ್ಲಿ ನಿವಾಸಿಗಳದ್ದೇ ಸಮಿತಿಗಳಿರುತ್ತವೆ. ಗೊಂಬೆ ಕೂರಿಸುವ ವಾರದ ಮೊದಲೇ ಚರ್ಚೆ ಶುರು. ಪಟ್ಟದ ಗೊಂಬೆ ಯಾರ ಮನೆಯದ್ದು, ಹಂತ ಏಳೋ ಒಂಬತ್ತೋ, ಮಧ್ಯದಲ್ಲಿ ಪಾರ್ಕ್ ಮಾಡಬೇಕೋ ದಸರಾ ಮೆರವಣಿಗೆ ಮಾಡಬೇಕೋ. ಈ ಚರ್ಚೆ ಜಗಳಕ್ಕೂ ತಿರುಗುತ್ತದೆ. ತಿರುಗಲಿ. ಎಂಬತ್ತರ ವಯಸ್ಸಿನಲ್ಲಿ ಜಗಳ ಆಡಬೇಕೆನ್ನಿಸುವಷ್ಟು ಒಂದು ವಿಷಯ ಮುಖ್ಯವಾಗಿ ಕಾಣುವುದು ಆರೋಗ್ಯದ ಲಕ್ಷಣ. ಮಧ್ಯಾಹ್ನದ ಹೌಸಿ, ಸಂಜೆಯ ಅಂತ್ಯಾಕ್ಷರಿ, ಶನಿವಾರದ ಭಜನೆ, ಯಾರೋ ಒಬ್ಬರು ಗಮಕ ಬಲ್ಲವರಿದ್ದರೆ ತಿಂಗಳಿಗೊಮ್ಮೆ ವಾಚನ, ರಾಮನವಮಿಯ ಪಾನಕ ಕೋಸಂಬರಿ, ರಾಜ್ಯೋತ್ಸವದ ಧ್ವಜ. ಹೊಸದೇನೂ ಅಲ್ಲ. ಪಟ್ಟಿ ಬರೆದವರು, ಚಂದಾ ಎತ್ತಿದವರು, ಲೆಕ್ಕ ಒಪ್ಪಿಸಿದವರು ತಾವೇ ಎಂಬುದರಲ್ಲಿ ಅದರ ರುಚಿ ಇದೆ.

ಲಕ್ಷಗಟ್ಟಲೆ ಠೇವಣಿ ಕಟ್ಟಬಲ್ಲವರ ಮಾತಾಯಿತು ಇದು, ದತ್ತಿಯಿಂದ ನಡೆಯುವ ಆಶ್ರಮಗಳಲ್ಲಿ ಹೀಗಾಗುವುದುಂಟೇ ಎಂದು ಕೇಳಬಹುದು. ಹಣಕ್ಕೂ ಇದಕ್ಕೂ ಅಷ್ಟು ಸಂಬಂಧವಿಲ್ಲ ಎಂದೇ ನನ್ನ ನಂಬಿಕೆ. ಸಂಕ್ರಾಂತಿಗೆ ಕೊಬ್ಬರಿ ಹೆಚ್ಚುವುದಕ್ಕೆ, ಹೂ ಕಟ್ಟುವುದಕ್ಕೆ, ಅವರೆಕಾಯಿ ಸುಲಿಯುವುದಕ್ಕೆ ಠೇವಣಿ ಬೇಡ. ಕೈ ನಡುಗುತ್ತದೆ, ಚಾಕು ಕೊಡಬೇಡಿ ಎನ್ನುವ ಎಚ್ಚರಿಕೆ ಕೆಲವರ ವಿಷಯದಲ್ಲಿ ಸರಿ, ಎಲ್ಲರ ವಿಷಯದಲ್ಲಿ ಸರಿಯಲ್ಲ. ನಮ್ಮ ಕಾನೂನೂ ಹಿರಿಯರ ಮನರಂಜನೆಯನ್ನು ಸಣ್ಣದೆಂದು ಎಣಿಸಿಲ್ಲ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ, ಕಲ್ಯಾಣ ಕಾಯ್ದೆಯ 19ನೇ ಸೆಕ್ಷನ್ನು ಜಿಲ್ಲೆಗೊಂದರಂತೆ, ತಲಾ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮಗಳ ಮಾತಾಡುತ್ತದೆ. ಅಲ್ಲಿ ಇರಬೇಕಾದ ಸೇವೆಗಳನ್ನು ಹೇಳುವಾಗ ವೈದ್ಯಕೀಯ ಆರೈಕೆಯ ಪಕ್ಕದಲ್ಲೇ ಮನರಂಜನೆಯನ್ನೂ ಹೆಸರಿಸುತ್ತದೆ. ನಮ್ಮಲ್ಲಿ ಅದಕ್ಕೆ ಗೋಡೆಗೆ ಒಂದು ಟಿ.ವಿ. ತೂಗುಹಾಕಿದರೆ ಸಾಕು ಎಂದುಕೊಂಡಿದ್ದೇವೆ.

ಇನ್ನೊಂದು ವಿಷಯ ಹೇಳಲೇಬೇಕು. ಶ್ರಾವಣ ಶುಕ್ರವಾರವೋ ನವರಾತ್ರಿಯೋ, ಹೊರಗಿಂದ ಬಂದ ಹೆಂಗಸರು ಅರಿಸಿನ ಕುಂಕುಮ ಕೊಡುತ್ತಾರೆ. ವೃದ್ಧಾಶ್ರಮದ ಹೆಂಗಸರಲ್ಲಿ ಗಂಡನನ್ನು ಕಳೆದುಕೊಂಡವರೇ ಹೆಚ್ಚು. ತಟ್ಟೆ ಹಿಡಿದವರು ಒಬ್ಬರ ಮುಂದೆ ನಿಂತು, ಇನ್ನೊಬ್ಬರನ್ನು ದಾಟಿ ಮುಂದೆ ಹೋಗುತ್ತಾರೆ. ಇಪ್ಪತ್ತು ವರ್ಷ ಮಗನ ಮನೆಯಲ್ಲಿ ಈ ದಾಟುವಿಕೆ ಅನುಭವಿಸಿದ ತಾಯಿಗೆ, ಎಲ್ಲರೂ ಒಂದೇ ಎಂದುಕೊಂಡ ಹೊಸ ಮನೆಯಲ್ಲೂ ಅದೇ. ಹೂವು, ಬಳೆ, ಕುಂಕುಮ ಕೊಡುವುದಾದರೆ ಅಲ್ಲಿರುವ ಪ್ರತಿಯೊಬ್ಬ ಹೆಂಗಸಿಗೂ ಕೊಡಿ. ಬೇಡ ಎನ್ನುವ ಹಕ್ಕು ಅವರಿಗಿರಲಿ, ದಾಟಿಹೋಗುವ ಹಕ್ಕು ನಮಗಿಲ್ಲ. ಇದಕ್ಕೆ ಒಪ್ಪಿಗೆಯಿಲ್ಲದವರು ತಟ್ಟೆಯನ್ನು ಮನೆಯಲ್ಲೇ ಬಿಟ್ಟು ಬರುವುದು ಮೇಲು.

ಸಾವಿನ ವಿಷಯವೂ ಇದರೊಳಗೇ ಸೇರಿದ್ದು. ಹಿರಿಯರ ವಸತಿಯಲ್ಲಿ ಸಾವು ಆಗಾಗ ಬರುತ್ತದೆ. ಉಳಿದವರು ಕಂಗೆಟ್ಟಾರು ಎಂದು ಬೆಳಕು ಹರಿಯುವ ಮೊದಲೇ ಹಿಂಬಾಗಿಲಿನಿಂದ ದೇಹ ಸಾಗಿಸುವ ಪದ್ಧತಿ ಕೆಲವೆಡೆ ಇದೆ. ತಿಂಡಿಗೆ ಬಂದವರು ಖಾಲಿ ಕುರ್ಚಿ ನೋಡಿ ತಿಳಿದುಕೊಳ್ಳಬೇಕು. ದಯೆಯಿಂದಲೇ ಹುಟ್ಟಿದ ಪದ್ಧತಿಯಾದರೂ ಇದು ತಪ್ಪು. ಒಟ್ಟಿಗೆ ಸಹಸ್ರಚಂದ್ರದರ್ಶನ ಮಾಡಿದವರಿಗೆ ಒಟ್ಟಿಗೆ ಅಳುವ ಅವಕಾಶವೂ ಬೇಕು. ಒಂದು ದೀಪ, ಹೋದವರ ಒಂದು ಭಾವಚಿತ್ರ, ಅವರಿಗೆ ಇಷ್ಟವಾಗಿದ್ದ ಒಂದು ದೇವರನಾಮ, ಅವರ ಬಗ್ಗೆ ನಾಲ್ಕು ಮಾತು. ಹೀಗೆ ಬೀಳ್ಕೊಡುವುದನ್ನು ನೋಡಿದ ಪಕ್ಕದ ಕೋಣೆಯವರಿಗೆ, ತಮ್ಮನ್ನೂ ಸದ್ದಿಲ್ಲದೆ ಸಾಗಿಸಿಬಿಡುವುದಿಲ್ಲ ಎಂಬ ಧೈರ್ಯ ಬರುತ್ತದೆ. ಸೇರಿ ಬಾಳುವ ಮನೆ ಎಂದಮೇಲೆ ಇಷ್ಟಾದರೂ ಬೇಡವೇ?

ಮಕ್ಕಳಿಗೂ ಒಂದು ಮಾತು. ಎಂಬತ್ತು ದಾಟಿ ಕೆಲವು ತಿಂಗಳಿಗೆ ಸಾವಿರ ಹುಣ್ಣಿಮೆ ಪೂರೈಸುತ್ತದೆ. ಆ ಶಾಂತಿಗೆ ತಂದೆಯನ್ನು ದೂರದ ಕಲ್ಯಾಣ ಮಂಟಪಕ್ಕೆ ಕರೆದೊಯ್ದು ದಿನವಿಡೀ ಕೂರಿಸುವುದಕ್ಕಿಂತ, ಅವರು ದಿನವೂ ಜೊತೆಯಲ್ಲಿ ಕಾಫಿ ಕುಡಿಯುವವರ ನಡುವೆ ಮಾಡಿದರೆ ಒಳ್ಳೆಯದು. ಅಲ್ಲಿ ಆರೈಕೆಗೆ ನಿಂತಿರುವ ಹುಡುಗ ಹುಡುಗಿಯರನ್ನೂ ಪಂಕ್ತಿಯಲ್ಲಿ ಕೂರಿಸಿ. ಅವರಲ್ಲಿ ಅನೇಕರು ಒಡಿಶಾ, ಅಸ್ಸಾಮಿನಿಂದ ಬಂದವರು, ತಮ್ಮ ಹಬ್ಬದ ದಿನ ಊರಿಗೆ ಹೋಗಲಾರದವರು.

ಈ ಸಲ ವೃದ್ಧಾಶ್ರಮಕ್ಕೆ ಹೋಗುವ ಮನಸ್ಸಿದ್ದರೆ ಮೊದಲು ಫೋನ್ ಮಾಡಿ, ಅಲ್ಲಿರುವವರಿಗೆ ಏನು ಬೇಕೆಂದು ಕೇಳಿ. ಎಷ್ಟು ಜನಕ್ಕೆ ಸಕ್ಕರೆ ಕಾಯಿಲೆ ಎಂದು ತಿಳಿದುಕೊಂಡು ಅಡುಗೆ ಮಾಡಿಸಿ. ಒಪ್ಪಿಗೆಯಿಲ್ಲದೆ ಯಾರ ಫೋಟೊವನ್ನೂ ತೆಗೆಯಬೇಡಿ. ಅಕ್ಟೋಬರಿನಲ್ಲಿ ಅಲ್ಲಿ ಜಾಗವಿರುವುದಿಲ್ಲ. ನವೆಂಬರಿನ ಯಾವುದಾದರೂ ಮಂಗಳವಾರ ಹೋಗಿ. ತಿಂಗಳಿಗೊಮ್ಮೆ ಬರಲು ಸಾಧ್ಯವಿದ್ದರೆ ತಾರೀಕು ಹೇಳಿ ಬನ್ನಿ. ಸಾಧ್ಯವಿಲ್ಲದಿದ್ದರೆ, ಮತ್ತೆ ಬರುತ್ತೇನೆ ಎಂಬ ಮಾತನ್ನು ದಯವಿಟ್ಟು ಕೊಡಬೇಡಿ.