ದುಡಿಯುವವನ ಸಂಜೆ ಯಾರದು?

ಹಿಂಡಲಗಾ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಜೈಲು. ಅದಕ್ಕೆ ನಾವು ಮಾಡುವಂಥದೇನೂ ಇಲ್ಲ. ಆದರೆ ನಮ್ಮ ಈ ಊರಿನ ಕಡೆಯಿಂದಲೂ, ಖಾನಾಪುರದ ಕಡೆಯಿಂದಲೂ ಜನ ದುಡಿಯಲೆಂದು ಮುಂಬಯಿಗೆ ಹೋದರು; ಅವರ ಮೊಮ್ಮಕ್ಕಳು ಈಗ ಪುಣೆಗೂ ಬೆಂಗಳೂರಿಗೂ ಹೋಗುತ್ತಿದ್ದಾರೆ. ಚೌತಿಗೆ ಊರಿಗೆ ಬಂದವರು ಕಟ್ಟೆಯ ಮೇಲೆ ಕೂತು ಆಡುವ ಮಾತನ್ನು ಕಿವಿಗೊಟ್ಟು ಕೇಳಬೇಕು. ಪಗಾರದ ಮಾತು ಎರಡು ವಾಕ್ಯದಲ್ಲಿ ಮುಗಿಯುತ್ತದೆ. ಸಾಹೇಬನನ್ನು ಬಯ್ಯಲು ಇನ್ನೆರಡು ವಾಕ್ಯ. ಉಳಿದದ್ದೆಲ್ಲ ಯಾವ ಮೈದಾನದಲ್ಲಿ ಯಾವ ಆಟ ನೋಡಿದೆವು, ಯಾವ ಖಾನಾವಳಿಯ ಮೀನಿನ ಸಾರು ಹೇಗಿತ್ತು, ರವಿವಾರ ಯಾರು ಯಾರು ಕೂಡಿ ಎಲ್ಲಿಗೆ ಹೋದೆವು ಎಂಬುದೇ.

ಇದನ್ನು ಕೇಳಿ ಹಿರಿಯರು ಮೂಗು ಮುರಿಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರೆ. ನಮ್ಮ ಕಾರ್ಯಕರ್ತರಲ್ಲಿಯೂ ಹೀಗೆನ್ನುವವರಿದ್ದಾರೆ: ಬೋನಸ್ಸಿನ ಹೋರಾಟ ಮುಗಿಯಲಿ, ಆಟ ಊಟದ ಮಾತು ಆಮೇಲೆ ನೋಡೋಣ. ಆ ‘ಆಮೇಲೆ’ ಎಂದೂ ಬರುವುದಿಲ್ಲ. ಸಂಜೆಯ ಸುಖವೂ ಪಗಾರದ ಒಂದು ಭಾಗ. ಅದನ್ನು ಕೇಳಿ ಪಡೆಯದಿದ್ದರೆ ಬೇರೆ ಯಾರೋ ಅದನ್ನು ಬೇಲಿ ಹಾಕಿ ಮಾರುತ್ತಾರೆ ಎಂಬುದು ನನ್ನ ವಾದ.

ಎಂಟು ತಾಸು ದುಡಿಮೆ, ಎಂಟು ತಾಸು ನಿದ್ದೆ, ಎಂಟು ತಾಸು ತನ್ನ ಮನಸ್ಸಿಗೆ ಬಂದದ್ದಕ್ಕೆ ಎಂಬ ಲೆಕ್ಕವನ್ನು ಬ್ರಿಟನ್ನಿನ ರಾಬರ್ಟ್ ಓವೆನ್ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಮುಂದಿಟ್ಟ. 1886ರ ಮೇ ತಿಂಗಳಲ್ಲಿ ಚಿಕಾಗೋದಲ್ಲಿ ರಕ್ತ ಹರಿದದ್ದು ಇದೇ ಎಂಟು ತಾಸಿಗಾಗಿ. ಮೂರನೆಯ ಎಂಟು ತಾಸನ್ನು ನಾವು ಭಾಷಣದಲ್ಲಿ ಮರೆತೇಬಿಡುತ್ತೇವೆ. ಮಾಲಕರು ಮರೆತಿಲ್ಲ. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ತಾಸಿನವರೆಗೆ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ವಾರಕ್ಕೆ 48 ತಾಸು ಮೀರಬಾರದೆಂಬ ಷರತ್ತು ಅದರಲ್ಲಿ ಇತ್ತು, ನಿಜ. ಆದರೆ 12 ತಾಸು ನಿಂತು ಮನೆಗೆ ಬಂದವನಿಗೆ ಯಾವ ಕಬಡ್ಡಿ, ಯಾವ ಭಜನೆ?

ಆಟ ಎಂದರೆ ಆಟವಷ್ಟೇ ಅಲ್ಲ, ಯಾರ ಜೊತೆ ಆಡುತ್ತೇವೆ, ಆಡಿದ ಮೇಲೆ ಯಾರ ಜೊತೆ ಕೂತು ಚಹ ಕುಡಿಯುತ್ತೇವೆ ಎಂಬುದೂ ಅದರಲ್ಲಿ ಸೇರಿದೆ. ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಸಾಕ್ಷಿ ಇದೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಎಂಬ ಚಮ್ಮಾರರ ಹುಡುಗ ಪುಣೆಯಲ್ಲಿ ಬಿಳಿಯರ ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಪಗಾರಕ್ಕೆ ಮೈದಾನ ಗುಡಿಸುತ್ತಿದ್ದ, ರೋಲರ್ ಎಳೆಯುತ್ತಿದ್ದ. ಸಾಹೇಬರ ಅಭ್ಯಾಸಕ್ಕೆ ತಾಸುಗಟ್ಟಲೆ ಚೆಂಡು ಎಸೆದು ಎಸೆದು ಅವನ ಎಡಗೈ ಹದವಾಯಿತು. ಬ್ಯಾಟು ಹಿಡಿಯಲು ಮಾತ್ರ ಯಾರೂ ಬಿಡಲಿಲ್ಲ. ಬಿಳಿಯರನ್ನು ಸೋಲಿಸಬೇಕೆಂಬ ಹಟ ಬಂದಾಗ ಪುಣೆಯ ಹಿಂದೂ ತಂಡದವರು ಅವನನ್ನು ಸೇರಿಸಿಕೊಂಡರು. ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಹಿಡಿದರು. ಚಹದ ಹೊತ್ತಿಗೆ ಅವನಿಗೆ ಕಟ್ಟಡದ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹ. ಚೆಂಡಿಗೆ ಇಲ್ಲದ ಮೈಲಿಗೆ ಕಪ್ಪಿಗೆ ಎಲ್ಲಿಂದ ಬಂತೆಂದು ಆ ಪಂಡಿತರನ್ನು ಕೇಳುವವರಿರಲಿಲ್ಲ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಇದೇ ಬಾಳೂ 114 ವಿಕೆಟ್ ಕಿತ್ತ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲಿಲ್ಲ; 1923ರಲ್ಲಿ ಅವನ ತಮ್ಮ ವಿಠ್ಠಲನಿಗೆ ಸಿಕ್ಕಿತು.

ಬೆಳಗಾವಿಗೆ ನೆರೆಯ ಕೊಲ್ಹಾಪುರದಲ್ಲಿ ಇದಕ್ಕೆ ತದ್ವಿರುದ್ಧವಾದದ್ದೂ ನಡೆಯಿತು. ಶಾಹೂ ಮಹಾರಾಜರು ಕುಸ್ತಿಗಾಗಿ ಖಾಸಬಾಗ ಮೈದಾನ ಕಟ್ಟಿಸಿದ್ದು ನಮ್ಮ ಪೈಲವಾನರಿಗೆಲ್ಲ ಗೊತ್ತು. ಗಂಗಾರಾಮ ಕಾಂಬಳೆ ಎಂಬ ದಲಿತ ನೌಕರನಿಗೆ ಅವರೇ ಹಣ ಕೊಟ್ಟು ಚಹದ ಅಂಗಡಿ ಹಾಕಿಸಿ, ಪೇಟೆಯ ನಡುವೆ ಬಂಡಿ ನಿಲ್ಲಿಸಿ ಅಲ್ಲಿಯ ಚಹ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ನನ್ನ ದೃಷ್ಟಿಯಲ್ಲಿ ಆ ಒಂದು ಕಪ್ಪು ಚಹ ಇಡೀ ಮೈದಾನಕ್ಕಿಂತ ದೊಡ್ಡದು.

ಇನ್ನು ಮುಂಬಯಿಯ ಮಾತು. ಪರಳ, ಲಾಲಬಾಗ, ವರಳಿಯ ಗಿರಣಿಗಳ ನೆರಳಿನಲ್ಲಿ ಬೆಳೆದ ಆ ಗಿರಣಗಾಂವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಚಾಳದ ಒಂದೊಂದು ಖೋಲಿಯಲ್ಲಿ ಒಂದೇ ಊರಿನ ಇಪ್ಪತ್ತು ಮೂವತ್ತು ಗಂಡಸರು. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗಬೇಕು. ಇಂಥ ಕಡೆ ಬದುಕನ್ನು ಬದುಕಾಗಿ ಉಳಿಸಿದ್ದು ಯಾವುದು? ಮಾಲಕರ ದಾನವಲ್ಲ. ಕಾರ್ಮಿಕರು ತಾವೇ ವರ್ಗಣಿ ಹಾಕಿ ಕಟ್ಟಿದ ವ್ಯಾಯಾಮಶಾಲೆ, ಕಬಡ್ಡಿ ಮಂಡಳ, ಭಜನಾ ಮಂಡಳ, ಗಣೇಶೋತ್ಸವ. ಊರಿನಿಂದ ಹೊಸದಾಗಿ ಬಂದ ಹುಡುಗ ಮೊದಲು ಅಲ್ಲಿ ಅಂಕಣಕ್ಕಿಳಿಯುತ್ತಿದ್ದ. ಗಿರಣಿಯಲ್ಲಿ ಬದಲಿ ಕೆಲಸದ ಸುದ್ದಿ ಅವನಿಗೆ ಸಿಗುತ್ತಿದ್ದುದೂ ಅಲ್ಲಿಯೇ. ಸಂಪು ಹೂಡಿದಾಗ ಗೇಟಿಗೆ ಜನ ಕೂಡುತ್ತಿದ್ದುದೂ ಇದೇ ಮಂಡಳಗಳಿಂದ. ಜೊತೆಯಲ್ಲಿ ಆಡಿದವನನ್ನು ಬಿಟ್ಟು ಒಳಗೆ ಹೋಗಲು ಕಾಲು ಏಳುವುದಿಲ್ಲ.

ಖಾನಾವಳಿ ನಡೆಸುತ್ತಿದ್ದವರು ಹೆಚ್ಚಾಗಿ ಹೆಂಗಸರು. ಒಂದೇ ಖೋಲಿಯಲ್ಲಿ ಒಲೆ, ಅಲ್ಲಿಯೇ ಸಂಸಾರ, ಅಲ್ಲಿಯೇ ಪಂಕ್ತಿ. ತಿಂಗಳ ಉದ್ರಿ, ಪಗಾರದ ದಿನ ಲೆಕ್ಕ. 1970ರ ದಶಕದ ಸಂಪುಗಳಲ್ಲಿ ಪಗಾರವಿಲ್ಲದ ಗಂಡಸರಿಗೆ ಇವರು ಉದ್ರಿಯಲ್ಲಿಯೇ ಉಣ್ಣಿಸಿ ತಾವು ಸಾಲದಲ್ಲಿ ಮುಳುಗಿದರು. 1975ರಲ್ಲಿ ಪ್ರೇಮಾ ಪುರವ ಎಂಬ ತಾಯಿ ಅವರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಗಿರಣಿಯ ಚರಿತ್ರೆಯಲ್ಲಿ ಪುಢಾರಿಗಳ ಹೆಸರು ಬೇಕಾದಷ್ಟು ಇವೆ, ಈ ಒಲೆಯ ಮುಂದಿನವರ ಹೆಸರು ಕಡಿಮೆ. ಗಂಡಸರಿಗೆ ಸಂಜೆ ಇತ್ತು, ಅವರಿಗೆ ಇರಲಿಲ್ಲ.

ಆ ಗಿರಣಗಾಂವನ್ನು ಸ್ವರ್ಗವೆಂದು ಬರೆಯಲು ನನಗೆ ಮನಸ್ಸಿಲ್ಲ. ನೇಯ್ಗೆ ಖಾತೆಯಲ್ಲಿ ಲಾಳಿಯ ದಾರವನ್ನು ಬಾಯಿಂದ ಎಳೆಯಬೇಕಾಗಿದ್ದುದರಿಂದ, ಎಂಜಲಾಗುತ್ತದೆಂದು ನೆವ ಹೇಳಿ, ಹೆಚ್ಚು ಪಗಾರದ ಆ ಖಾತೆಗೆ ಅಸ್ಪೃಶ್ಯರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಸಂಪಿನ ಬೇಡಿಕೆಗಳಲ್ಲಿ ಇದೂ ಸೇರಬೇಕೆಂದು 1920ರ ದಶಕದ ಕೊನೆಗೆ ಅಂಬೇಡಕರರು ಕೇಳಬೇಕಾಯಿತು. ಕೆಂಪು ಬಾವುಟದ ಕೆಳಗೂ ಬೇರೆ ಬೇರೆ ಪಂಕ್ತಿ ಇದ್ದವು. ಮಗ್ಗದ ಕೆಲಸ ಬಲ್ಲ ನಮ್ಮ ವಡಗಾಂವ, ಖಾಸಬಾಗ, ಶಹಾಪುರದ ಬಾಂಧವರಿಗೆ ಈ ಲಾಳಿಯ ಮಾತನ್ನು ವಿವರಿಸಬೇಕಾಗಿಲ್ಲ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮಹಾಸಂಪು ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಅದರ ಆಮೇಲಿನ ಕಥೆ ಎಲ್ಲರಿಗೂ ಗೊತ್ತಿದೆ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ನೆಲಕ್ಕೆ ಬೆಲೆ ಬಂತು. ಲೋವರ್ ಪರಳದ ಫೀನಿಕ್ಸ್ ಗಿರಣಿಯ ಆವಾರದಲ್ಲಿ 1990ರ ದಶಕದ ಕೊನೆಗೆ ಬೌಲಿಂಗ್ ಎಂಬ ಶ್ರೀಮಂತರ ಆಟದ ಅಂಕಣ ಎದ್ದಿತು. ಕಾರ್ಮಿಕರ ಮನರಂಜನೆಯ ಹೆಸರಿನಲ್ಲಿ ಪಡೆದ ಪರವಾನಗಿಯನ್ನು ಇದಕ್ಕೆ ಬಳಸಿದರೆಂಬ ದೂರು ಆಗ ಎದ್ದಿತ್ತು. ಇಂದು ಅಲ್ಲಿ ದೊಡ್ಡ ಮಾಲು ಇದೆ. ಆಟವೂ ಊಟವೂ ಜನಸಂದಣಿಯೂ ಅಲ್ಲಿ ಈಗಲೂ ಇವೆ, ಆದರೆ ಒಳಗೆ ಹೋಗಲು ಕಿಸೆ ನೋಡಿಕೊಳ್ಳಬೇಕು.

ಹಾಗೆಂದು ದುಡಿಯುವವನ ಆಸೆ ಸತ್ತಿಲ್ಲ. 2025ರ ಜೂನ್ 3ರಂದು ಬೆಂಗಳೂರಿನ ಹೆಸರಿನ ಕ್ರಿಕೆಟ್ ತಂಡ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಿಗೆ ಲಕ್ಷಗಟ್ಟಲೆ ಜನ ಬಂದರು. ಕಾಲ್ತುಳಿತದಲ್ಲಿ 11 ಜನ ಸತ್ತರು. ಆಗ ನಮ್ಮ ಚಹದಂಗಡಿಗಳಲ್ಲಿ ಎದ್ದ ಮಾತು ನನಗೆ ಸಹಿಸಲಾಗಲಿಲ್ಲ: ಅಷ್ಟು ಹುಚ್ಚೇನು, ಮನೆಯಲ್ಲಿ ಟೀವಿ ಇರಲಿಲ್ಲವೇ? ಟೀವಿಯಲ್ಲಿ ಆಟ ಸಿಗುತ್ತದೆ, ಜನ ಸಿಗುವುದಿಲ್ಲ. ತಂಡದ ಮೇಲೆ ಕೋಟಿಗಟ್ಟಲೆ ಹಣ ತೊಡಗಿಸಿದವರು ಹದಿನೆಂಟು ವರ್ಷ ಈ ಹುಡುಗರ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡರು. ಅವರು ಒಮ್ಮೆ ಕೂಡಿ ಸಂತೋಷಪಡಲು ಬಂದಾಗ ನಗರದಲ್ಲಿ ಅವರಿಗೆ ಜಾಗವಿರಲಿಲ್ಲ. ಸತ್ತವರನ್ನು ಹುಚ್ಚರೆನ್ನುವುದು ಸುಲಭ.

ಹೊರಗೆ ಉಣ್ಣುವ ಸುಖದ ಮಾತು ಬಂದಾಗ ಬಡಿಸುವವನನ್ನೂ ನೋಡಬೇಕು. ಮುಂಬಯಿಗೆ ಇಡ್ಲಿ ದೋಸೆಯ ರುಚಿ ಹಚ್ಚಿದವರು ನಮ್ಮ ಕರಾವಳಿಯ ಕನ್ನಡಿಗರು ಎಂದು ಅಭಿಮಾನಪಡುತ್ತೇವೆ, ಪಡಬೇಕಾದದ್ದೇ. ಆ ಹೋಟೆಲುಗಳ ಕಪ್ಪು ಬಸಿ ತೊಳೆದವರೂ ಅದೇ ಕರಾವಳಿಯ ಹುಡುಗರು. ಹಗಲು ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದರು. ಕೆಲವು ವರ್ಷ ಮಾಸ್ತರಿಕೆ ಮಾಡಿದ ನನಗೆ ಆ ರಾತ್ರಿ ಶಾಲೆಗಳ ಮೇಲೆ ಇರುವಷ್ಟು ಗೌರವ ಯಾವ ಕಾಲೇಜಿನ ಮೇಲೂ ಇಲ್ಲ. ಮಂಗಳೂರಿನಿಂದ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸ್ 1950ರ ದಶಕದಲ್ಲಿ ಸಂಘ ಕಟ್ಟಿದವರಲ್ಲಿ ಈ ಹೋಟೆಲ್ ಕಾರ್ಮಿಕರೂ ಇದ್ದರು.

ಈಗ ಬೆಳಗಾವಿಯ ಸರದಿ. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿಯೇ ನಮ್ಮ ನಗರದ ಹೆಸರು ಬಂತು. ನಗರ ಹಿಂಡಲಗಾದತ್ತ ಹಬ್ಬುತ್ತಿದೆ, ಹೊಲಗಳು ಪ್ಲಾಟುಗಳಾಗುತ್ತಿವೆ. ಆನಂದವಾಡಿಯ ಆಖಾಡದಲ್ಲಿ ಕುಸ್ತಿ ನೋಡಲು ಹಮಾಲನೂ ವಕೀಲನೂ ಒಂದೇ ಮಣ್ಣಿನ ಸುತ್ತ ಕೂಡುತ್ತಾರೆ. ತಾಸಿಗೆ ಇಷ್ಟು ಎಂದು ಬಾಡಿಗೆಗೆ ಕೊಡುವ ಹಸಿರು ಹಾಸಿನ ಅಂಕಣಗಳಲ್ಲಿ ಅದು ಆಗದು. ಇಂದಿರಾ ಕ್ಯಾಂಟೀನನ್ನು ನಾನು ಹೊಗಳುತ್ತೇನೆ. 2017ರಲ್ಲಿ ಬೆಂಗಳೂರಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಆರಂಭವಾದದ್ದು ಸಣ್ಣ ಮಾತಲ್ಲ. ಆದರೆ ಅಲ್ಲಿ ನಿಂತು ಉಂಡು ಹೊರಡಬೇಕು. ಬಡವನಿಗೆ ಕೂತು ಉಣ್ಣಲು ಒಂದು ಬೆಂಚು ಕೊಟ್ಟರೆ ಬೊಕ್ಕಸ ಬರಿದಾಗದು.

ಸಣ್ಣ ಹೋಟೆಲ್ ನಡೆಸುವ ಬಾಂಧವರು ನನ್ನ ಮೇಲೆ ಸಿಟ್ಟಾಗಬಾರದು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕೆಲಸದವನಿಗೆ ವಾರಕ್ಕೆ ಒಂದು ಪೂರ್ತಿ ದಿನ ಸೂಟಿ ಕೊಡಬೇಕು. ನಮ್ಮ ಪೇಟೆಯಲ್ಲಿ ಎಷ್ಟು ಜನರಿಗೆ ಸಿಗುತ್ತಿದೆ? ಸೂಟಿ ಕೊಟ್ಟರೆ ಹುಡುಗ ಕೆಡುತ್ತಾನೆ ಎಂದು ಒಬ್ಬ ಮಾಲಕರು ನನಗೆ ಹೇಳಿದರು. ಅವರ ಸ್ವಂತ ಮಗ ರವಿವಾರ ಕ್ರಿಕೆಟ್ ಆಡಲು ಹೋಗಿದ್ದ, ಕೆಟ್ಟಂತೆ ಕಾಣಲಿಲ್ಲ. ಲಾಭ ತೆಳುವಾಗಿದೆ, ಬಾಡಿಗೆ ಏರಿದೆ ಎಂಬ ಅವರ ಗೋಳು ನಿಜ. ಆ ಬಾಡಿಗೆಯನ್ನು ಏರಿಸಿದವರು ಮೈದಾನ ನುಂಗುವವರೇ ಆದ್ದರಿಂದ ಈ ಜಗಳದಲ್ಲಿ ಮಾಲಕನೂ ಹುಡುಗನೂ ಒಂದೇ ಕಡೆ ನಿಲ್ಲಬಹುದು.

ನಗರಪಾಲಿಕೆಯ ಮುಂದಿನ ಅಂದಾಜುಪತ್ರಿಕೆಗೆ ಮೊದಲು ಓದುಗರು ಒಂದು ಕೆಲಸ ಮಾಡಬೇಕು. ನಿಮ್ಮ ಓಣಿಯ ಮಕ್ಕಳು ಆಡುವ ಬಯಲು ಎಷ್ಟು ಗುಂಟೆ ಇದೆ, ಕಾಗದದಲ್ಲಿ ಯಾರ ಹೆಸರಿನಲ್ಲಿದೆ, ನಳ ಇದೆಯೇ, ರಾತ್ರಿ ಪಾಳಿ ಬಿಟ್ಟವರಿಗೆ ದೀಪ ಇದೆಯೇ, ಹೆಣ್ಣುಮಕ್ಕಳು ಅಲ್ಲಿ ಆಡುತ್ತಾರೆಯೇ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ಕಚೇರಿಗೆ ಕಳಿಸಿರಿ. ಹಿಂಡಲಗಾದ ಪಟ್ಟಿಯನ್ನು ನಾನು ಬರೆಯಲು ಆರಂಭಿಸಿದ್ದೇನೆ.